ಮರಳಿ ಪಡೆದ ಅಂಜಿಕೆ

ಸೆರೆಮನೆಗಳು ಮುಚ್ಚಿದ ಬಳಿಕ ಹುಟ್ಟಿದ ಈ ಕಥೆಯನ್ನು ನಾನು ನೇಕಾರರ ಓಣಿಯೊಂದರಲ್ಲಿ ಕೇಳಿದೆ.

ಯಮನೂರಿ ಎಂಬವನು ಗಂಗವ್ವನ ಮನೆಗೆ ನುಗ್ಗಿ ಅವಳ ಕುತ್ತಿಗೆಗೆ ಕುಡಗೋಲು ಹಿಡಿದಿದ್ದ. ಕೊಡಲಿ ಎನ್ನುವವರೂ ಇದ್ದಾರೆ. ಅಂದಿನ ವಾಡಿಕೆಯಂತೆ ನ್ಯಾಯಾಲಯವು ಅವಳ ಅಂಜಿಕೆಯನ್ನೆಲ್ಲ ತೆಗೆದು ಅವನ ಮೈಗೆ ತುಂಬಿತು. ವರ್ಷ ಕಳೆದ ಮೇಲೆ ಅದನ್ನು ಮರಳಿ ಪಡೆಯುವುದು, ಬಿಡುವುದು ಅವಳ ಇಚ್ಛೆ. ಪಡೆಯುವುದಾದರೆ ತಪ್ಪು ನಡೆದ ಜಾಗದಲ್ಲೇ, ಇಬ್ಬರೇ ಇದ್ದು, ಅಂಗೈಗೆ ಅಂಗೈ ಒತ್ತಬೇಕು.

ಕರೆ ಬಂದಾಗ ಯಮನೂರಿ ಹೊಸ್ತಿಲಾಚೆ ನಡುಗುತ್ತ ನಿಂತ.

"ಯಕ್ಕಾ, ಕನ್ನಡ್ಯಾಗ ನನ್ನ ಮಾರಿ ಕಂಡ್ರೂ ಚೀರತೀನ್ರಿ."

"ಆವತ್ತ ಭಾಳ ಗಂಡಸಾಗಿದ್ದೆಲ್ಲೋ!" ಗಂಗವ್ವ ನಕ್ಕಳು. "ಮೊನ್ನಿ ಮೊಮ್ಮಗಳು ಬಾವಿ ಕಟ್ಟಿ ಮ್ಯಾಲ ಕುಣ್ಯಾಕತ್ತಿದ್ಲು. ನಾ ಅಂಜಿಕಿಲ್ಲದ ಸುಮ್ನ ನೋಡಕೋತ ಕುಂತಿದ್ದೆ. ಅದಕ್ಕ ಕರಿಸೀನಿ. ಒಳಗ ಬಾ."

ಅಂಗೈಗಳು ಕೂಡಿದವು. ಯಮನೂರಿಯ ನಡುಕ ನಿಂತಿತು. ಬಾಗಿದ್ದ ಭುಜಗಳು ನೆಟ್ಟಗಾದವು. ಗಂಗವ್ವನ ಬಾಯಿ ಒಣಗಿತು. ಅದೇ ಮುಖ, ಅದೇ ಕೈಗಳು, ಬಾಗಿಲಿಗೂ ತನಗೂ ನಡುವೆ ಅದೇ ಗಂಡಸು. ಅವಳು ಹಿಂದೆ ಸರಿದು ಗೋಡೆಗೆ ಒತ್ತಿಕೊಂಡಳು.

ಅವನು ಅವಳ ಕಣ್ಣುಗಳನ್ನು ನೋಡಿದ. ವರ್ಷವಿಡೀ ಕನ್ನಡಿಯಲ್ಲಿ ಕಂಡ ನೋಟವೇ ಅದು. ಎರಡೂ ಕೈ ಅವಳಿಗೆ ಕಾಣುವಂತೆ ಹಿಡಿದು, ಹಿಂದಿಂದಕ್ಕೇ ನಡೆದು ಹೊಸ್ತಿಲು ದಾಟಿದ.

"ಅಗಳಿ ಹಾಕ್ಕೋರಿ, ಯಕ್ಕಾ."

ಒಳಗೆ ಅಗಳಿ ಬಿತ್ತು. ತಾನು ದೂರವಾಗುತ್ತಿರುವುದು ಅವಳಿಗೆ ಕೇಳಿಸಲೆಂದು ಯಮನೂರಿ ಓಣಿಯ ತುದಿಯವರೆಗೂ ಹೆಜ್ಜೆಗಳನ್ನು ಗಟ್ಟಿಯಾಗಿ ಊರುತ್ತ ಹೋದ.