ಭಾರ್ಗವಿ ಗೆದ್ದ ಕೇಸು

ಧಾರವಾಡದ ಒಂದು ಲಾ ಕಾಲೇಜಿನಲ್ಲಿ ಭಾರ್ಗವಿ ಎಂಬ ಹುಡುಗಿ ಓದುತ್ತಿದ್ದಳು.

ಪಾಠದ ಜೊತೆಗೆ ಅವಳಿಗೆ ಇನ್ನೆರಡು ಹಚ್ಚಿಕೊಂಡ ಕೆಲಸಗಳಿದ್ದವು... ಒಂದು ಮೂಟ್ ಕೋರ್ಟ್. ಅಂದರೆ ಕಲ್ಪಿತ ಕೇಸು ಹಿಡಿದು ವಿದ್ಯಾರ್ಥಿಗಳು ವಾದ ಮಾಡುವ ಸ್ಪರ್ಧೆ.

ಇನ್ನೊಂದು ಉಚಿತ ಕಾನೂನು ನೆರವಿನ ಕ್ಲಿನಿಕ್. ಶನಿವಾರ ಜೈಲಿಗೆ ಹೋಗಿ, ಹೆಂಗಸರ ಕಷ್ಟ ಕೇಳಿ ವಕೀಲರಿಗೆ ಮುಟ್ಟಿಸುವುದು.

ಒಂದು ಶನಿವಾರ ದ್ಯಾಮವ್ವ ಎಂಬ ವಿಚಾರಣಾ ಕೈದಿ ಅವಳ ಪಕ್ಕ ಬಂದು ಕೂತಳು.

"ತಂಗಿ, ನಮ್ಮವ್ವ ಹಾಸಿಗಿ ಹಿಡದಾಳಂತ... ಒಮ್ಮೆ ಮಾರಿ ನೋಡಿ ಬರಾಕ ಕೋರ್ಟು ಬಿಡತೈತೇನ?"

"ಬಿಡಬಹುದು ಅಕ್ಕಾ. ಅರ್ಜಿ ಹಾಕಬೇಕು. ಸೋಮವಾರ ನಾನ ಓಡಾಡತೀನಿ."

"ಸಾಹೇಬ್ರ ಮುಂದ ನನಗ ಬಾಯಿ ಬರಂಗಿಲ್ಲವ್ವಾ. ನಿನಗಷ್ಟ ಹೇಳೀನಿ ನೋಡು..."

ಸೋಮವಾರ ಬೆಳಿಗ್ಗೆ ಮೂಟ್ ತಂಡದ ಒಬ್ಬನಿಗೆ ಜ್ವರ ಬಂತು. ಅವನ ಜಾಗಕ್ಕೆ ಭಾರ್ಗವಿಯ ಹೆಸರು! ದಿಲ್ಲಿಯಲ್ಲಿ ರಾಷ್ಟ್ರಮಟ್ಟದ ಸ್ಪರ್ಧೆ... ಅಂದೇ ಸಂಜೆ ರೈಲು.

ಅರ್ಜಿ ಎಂದರೆ ದ್ಯಾಮವ್ವನ ಊರಿಗೆ ಹೋಗಿ ಡಾಕ್ಟರ ಪತ್ರ ತರಬೇಕು, ವಕೀಲರ ಹತ್ತಿರ ಕೂರಬೇಕು. ಎರಡೂ ಒಟ್ಟಿಗೆ ಆಗುವ ಮಾತಲ್ಲ.

ಅವಳು ಅನುಮಾನಿಸಿದ್ದನ್ನು ಕಂಡು ಸೀನಿಯರ್ ಶರ್ಮಿಳಾ ನಕ್ಕಳು. "ಕ್ಲಿನಿಕ್ಕೇನ ಹುಚ್ಚಿ? ಅಲ್ಲಿ ಸಿಗೋದು ಜೈಲಿನ ಚಹಾ ಅಷ್ಟ! ಇಂಥಾ ಚಾನ್ಸ್ ಮತ್ತ ಬರತೈತೇನ?"

ಬಂದ ಮೇಲೆ ಮಾಡಿದರಾಯಿತು, ಒಂದು ವಾರದಲ್ಲಿ ಏನಾದೀತು... ಎಂದುಕೊಂಡಳು ಭಾರ್ಗವಿ.

ಕ್ಲಿನಿಕ್ಕಿನ ಬೇರೆ ಯಾರಿಗಾದರೂ ಒಂದು ಮಾತು ಹೇಳಿ ಹೋಗಬಹುದಿತ್ತು... ಹೇಳಲಿಲ್ಲ.

ದಿಲ್ಲಿಯಲ್ಲಿ ಸಿಕ್ಕ ಕಲ್ಪಿತ ಕೇಸೂ ಜೈಲಿನಲ್ಲಿರುವ ಒಬ್ಬ ಹೆಂಗಸಿನದೇ. ಭಾರ್ಗವಿ ಎಷ್ಟು ಮನಮುಟ್ಟುವಂತೆ ವಾದಿಸಿದಳೆಂದರೆ, ತೀರ್ಪುಗಾರರೊಬ್ಬರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

ಬೆಸ್ಟ್ ಸ್ಪೀಕರ್! ಫೋಟೋ, ಹಾರ, ಚಪ್ಪಾಳೆ...

ಮರುಶನಿವಾರ ಬೆಳಿಗ್ಗೆ ರೈಲಿಳಿದು ಜೈಲಿಗೆ ಹೋದಾಗ ದ್ಯಾಮವ್ವ ತಾನಾಗಿಯೇ ಎದ್ದು ಬಂದಳು. ಅತ್ತು ಅತ್ತು ಕಣ್ಣು ಬಾತಿದ್ದವು.

"ಅಕ್ಕಾ, ನಿಮ್ಮ ಅರ್ಜಿ... ಸೋಮವಾರ ಮೊದಲ ಕೆಲಸ ಅದ..."

"ಬ್ಯಾಡ ಬಿಡವ್ವಾ. ಗುರುವಾರ ಅವ್ವ ಹ್ವಾದಳು. ಮಣ್ಣೂ ಆತಂತ."



ಬೈಯಬಹುದಿತ್ತು ದ್ಯಾಮವ್ವ. ಬೈಯಲಿಲ್ಲ. ಹುಡುಗಿಯ ಕೈ ಹಿಡಿದುಕೊಂಡು ಮೆಲ್ಲಗೆ ಅಂದಳು...

"ಜೈಲಿನ್ಯಾಗಿರೋ ಯಾರೋ ಹೆಣಮಗಳ ಪರ ಮಾತಾಡಾಕ ದಿಲ್ಲಿಗೆ ಹೋಗಿದ್ದಿಯಂತ. ಗೆದ್ದಿಯಂತ. ನಿನಗಿಂತ ಮೊದಲ ಬಂದ ನಿನ್ನ ಗೆಳತ್ಯಾರು ಹೇಳಿದ್ರು. ಆಕೀದು ನನಗಿಂತ ದೊಡ್ಡ ತ್ರಾಸ ಇದ್ದೀತು, ಅದಕ್ಕ ಮೊದಲ ಅಲ್ಲಿಗೆ ಹೋಗ್ಯಾಳ ಅಂತ ಸಮಾಧಾನ ಮಾಡ್ಕೊಂಡೆ..."

"ಆಕಿ ಬಿಡುಗಡಿ ಆದ್ಲೇನ ತಂಗಿ? ಆಕೀಗಾದ್ರೂ ತನ್ನ ಮಂದಿ ಮಾರಿ ನೋಡಾಕ ಸಿಕ್ಕಿತೇನ?"

ಭಾರ್ಗವಿ ಬಗ್ಗಿ ಅವಳ ಪಾದ ಹಿಡಿದಳು.

"ಅಂಥಾ ಹೆಣಮಗಳ ಇಲ್ಲ ಅಕ್ಕಾ... ಅದು ಸ್ಪರ್ಧೆಗಂತ ಕಟ್ಟಿದ ಕಥಿ..."

ದ್ಯಾಮವ್ವ ಅವಳ ಭುಜ ಹಿಡಿದು ಎಬ್ಬಿಸಿದಳು. ಆಮೇಲೆ ತನಗೆ ತಾನೇ ಎಂಬಂತೆ ಕೇಳಿದಳು...

"ಹಂಗಾರ... ಯಾರೂ ಬಿಡುಗಡಿ ಆಗಲಿಲ್ಲೇನು?"

.

ಅವಕಾಶಗಳು ಎಷ್ಟೇ ಬರಲಿ... ನಮ್ಮನ್ನೇ ನಂಬಿ ಕೂತ ಒಂದು ಜೀವ, ಭಗವಂತ ನಮ್ಮ ಕೈಗೆ ಕೊಟ್ಟ ಮೊದಲ ಕೆಲಸ.

ಇವತ್ತು ನಿಮ್ಮ ಒಂದು ಮಾತಿಗಾಗಿ ಕಾಯುತ್ತಾ ಕೂತವರು ಯಾರು... ನೆನಪಿದೆಯೇ?