ಓದಿ ಹೇಳುವವಳು

ಕಣ್ಣು ಹೋದ ಮೇಲೆ ಅವರ ಓದೆಲ್ಲ ಹೆಂಡತಿಯ ಬಾಯಲ್ಲೇ ನಡೆಯುತ್ತಿತ್ತು. ಅಭಿಪ್ರಾಯ ಮಾತ್ರ ಅವರದು.

“ಮಹಾಕಾದಂಬರಿ ಅಂತೆ! ಬರೀ ಕಟ್ಟುಕಥೆ. ಮುಚ್ಚಿಡು ಅದನ್ನ. ಆ ಹಳೇ ಆತ್ಮಕಥೆ ತೆಗಿ, ಅದರಲ್ಲಾದ್ರೂ ನಿಜ ಇರತ್ತೆ.”

“ಪಾತ್ರೆಯೆಲ್ಲ ಹಾಗೇ ಬಿದ್ದಿದೆ ರೀ. ನಾಳೆ ಓದ್ಲಾ?”

“ಒಂದೇ ಒಂದು ಅಧ್ಯಾಯ.”

ಅವಳು ಸೆರಗಿಗೆ ಕೈ ಒರೆಸಿಕೊಂಡು, ಕಪಾಟಿನ ತಳದಿಂದ ಪುಸ್ತಕ ಎಳೆದು, ತೊಡೆಯ ಮೇಲಿಟ್ಟುಕೊಂಡು ಓದತೊಡಗಿದಳು. ಅವರು “ಸಪ್ಪೆ, ಸಪ್ಪೆ” ಎಂದು ಗೊಣಗುತ್ತಲೇ ಇದ್ದರು. ಪುಟ ತಿರುವಿದವಳು ಸುಮ್ಮನಾದಳು.

“ಯಾಕೆ ನಿಲ್ಲಿಸ್ದೆ?”

“ಏನಿಲ್ಲ” ಎಂದು ಮುಂದುವರಿಸಿದಳು: “‘ಜೀವಮಾನವಿಡೀ ಓದಿದೆ. ಕಾಫಿ ತಂದುಕೊಟ್ಟು ನಿಂತವಳಿಗೆ ಒಂದು ದಿನವೂ ಕೂತುಕೋ ಅನ್ನಲಿಲ್ಲ.’”

ಅವರು ನೆಟ್ಟಗೆ ಕೂತರು.

“ನೋಡಿದ್ಯಾ! ಇಂಥದ್ದನ್ನ ಯಾರೂ ಕಲ್ಪನೆ ಮಾಡಿ ಬರೆಯೋಕಾಗಲ್ಲ. ನಿನಗಿದೆಲ್ಲ ಎಲ್ಲಿ ಅರ್ಥ ಆಗ್ಬೇಕು? ಎಲ್ಲಿ, ಇನ್ನೊಂದ್ಸಲ ಓದು.”

ಅವಳು ಪುಸ್ತಕ ನೋಡಿದಳು. ಪುಟ ತಿರುವಿದಲ್ಲಿಂದ ಮುಂದಿನದನ್ನೆಲ್ಲ ಗೆದ್ದಲು ತಿಂದುಹಾಕಿತ್ತು. ತೂತಿನಲ್ಲಿ ಅವಳ ಸೀರೆಯ ನೆರಿಗೆಯಷ್ಟೇ ಕಾಣುತ್ತಿತ್ತು.