ನಾಲ್ಕನೆಯ ಬ್ರೆಡ್ಡು

"ಮುಟ್ಟಬೇಡ ಹ್ಯಾಸ್ಕೆಲ್," ಎಂದ ಮಂಡಳಿಯ ಸದಸ್ಯ ಬರ್ಟ್, ತನ್ನ ಬಾಯಿಗೆ ದೊಡ್ಡ ತುಂಡನ್ನೇ ತುರುಕಿಕೊಳ್ಳುತ್ತ. "ವಿಷ ಹಾಕಿದ್ರೆ ನಿನ್ನ ಕಡೆ ತುಂಡಿಗೇ ಹಾಕಿರ್ತಾಳೆ."

ಮಂಡಳಿಯ ಐವರೂ ನಕ್ಕರು. ಅಧ್ಯಕ್ಷ ಹ್ಯಾಸ್ಕೆಲ್ ಅರ್ಧ ಮಾತ್ರ ನಕ್ಕ. ಮೇಜಿನ ಮೇಲಿನ ಸಿಹಿ ಬ್ರೆಡ್ಡು ಇನ್ನೂ ಬೆಚ್ಚಗಿತ್ತು. ಏಪ್ರಿಲ್‌ನಿಂದ ಇದು ನಾಲ್ಕನೆಯದು. ಹಿಂದಿನ ಮೂರನ್ನೂ ಅವನು ಮುಟ್ಟಿರಲಿಲ್ಲ.

ಬ್ರೆಡ್ಡು ತಂದವಳು ಕೊನೆಯ ಬೆಂಚಿನಲ್ಲಿ ಕೂತಿದ್ದಳು. ಅಡೆಲಿನಾ ಮೆಡೈರೋಸ್, ಮುಚ್ಚಿಹೋದ ಬಟ್ಟೆ ಗಿರಣಿಯ ಹಳೆಯ ಕಾರ್ಮಿಕಳು. ಕೂದಲೆಳೆಯಷ್ಟು ತೆಳು ದಾರದಲ್ಲಿ ಲೇಸು ಹೆಣೆಯುತ್ತಿದ್ದಳು. ತಲೆ ಎತ್ತಿರಲಿಲ್ಲ.

ಥಾರ್ನ್‌ಬ್ರಿಡ್ಜ್ ಊರಲ್ಲಿ ಬೇಲಿಯಿಂದ ಹತ್ತು ಅಡಿಯೊಳಗೆ ಒಂದು ಗೋಡೆ ಏಳಬೇಕಾದರೂ ಈ ವಲಯ ಮೇಲ್ಮನವಿ ಮಂಡಳಿಯೇ ಕಟ್ಟಡದ ನಿಯಮದಿಂದ ವಿನಾಯಿತಿ ಕೊಡಬೇಕು. ಮಂಡಳಿ ಎಂದರೆ ಹತ್ತೊಂಬತ್ತು ವರ್ಷಗಳಿಂದ ಹ್ಯಾಸ್ಕೆಲ್. ಅವನ ಭಾವಮೈದುನನ ಮೂರು ಕಾರಿನ ಗ್ಯಾರೇಜು ಬೇಲಿಗೆ ಎರಡೇ ಅಡಿಯಲ್ಲಿದೆ. ಆರು ನಿಮಿಷದಲ್ಲಿ ಮಂಜೂರಾಗಿತ್ತು.

ಆರು ವರ್ಷಗಳ ಹಿಂದೆ ಅಡೆಲಿನಾಳ ಗಂಡ ಮ್ಯಾನುಯೆಲ್ ಇದೇ ಮೇಜಿನ ಮುಂದೆ ಟೋಪಿ ಹಿಡಿದು ನಿಂತಿದ್ದ. ಸೊಂಟ ಹೋಗಿತ್ತು. ಮನೆಯ ಬಚ್ಚಲು ಮಹಡಿಯ ಮೇಲೆ. ಕಡಿದಾದ ಹದಿನಾಲ್ಕು ಮೆಟ್ಟಿಲು. ಕೆಳಗೊಂದು ಬಚ್ಚಲು ಕಟ್ಟಲು ಬೇಲಿಯ ಕಡೆ ಆರಡಿ ಬೇಕು ಎಂದು ಕೇಳಿದ್ದ. ಐದು ತಿಂಗಳು ಅಲೆಸಿದರು. ಕೊಟ್ಟ ಕಾಗದಕ್ಕೆಲ್ಲ ಓದದೆ ಸಹಿ ಹಾಕಿದ. ಕೊನೆಗೆ ಹ್ಯಾಸ್ಕೆಲ್ ನಿಯಮಗಳ ನೀಲಿ ಪುಸ್ತಕವನ್ನು ಅವನೆದೆಗೆ ಎಸೆದ.

"ಓದ್ಕೊಂಡು ಬಾರಯ್ಯ. ಓದೋಕೆ ಬರುತ್ತೆ ತಾನೆ?"

ಸಭೆ ನಕ್ಕಿತ್ತು. ತಿರಸ್ಕೃತ ಅರ್ಜಿಯನ್ನು ಎರಡು ವರ್ಷ ಮತ್ತೆ ತರುವಂತಿಲ್ಲ. ಎರಡನೆಯ ಚಳಿಗಾಲದಲ್ಲಿ ಮ್ಯಾನುಯೆಲ್ ಆ ಮೆಟ್ಟಿಲುಗಳ ಮೇಲಿಂದ ಉರುಳಿ ಸತ್ತ.

ಈಗ ಅದೇ ನಕ್ಷೆ, ಅದೇ ಬಚ್ಚಲು. ಈ ಸಲ ಅಡೆಲಿನಾಳ ಅಕ್ಕ ಡಿಯೋಲಿಂಡಾಗೆ. ಪಾರ್ಶ್ವವಾಯು ಬಡಿದವಳು. ಆಗಸ್ಟ್ ಒಳಗೆ ಕೆಳಗೆ ಬಚ್ಚಲಾಗದಿದ್ದರೆ ಅವಳನ್ನು ವೃದ್ಧಾಶ್ರಮಕ್ಕೆ ಕಳಿಸುವುದಾಗಿ ಆಸ್ಪತ್ರೆಯವರು ಹೇಳಿದ್ದರು.

ಹ್ಯಾಸ್ಕೆಲ್‌ಗೆ ಬಡವರ ಅರ್ಜಿಗಳ ವಿಷಯದಲ್ಲಿ ಒಂದು ಪದ್ಧತಿಯಿತ್ತು. 'ಇಲ್ಲ' ಎಂದರೆ ಜನ ವಕೀಲರ ಬಳಿ ಓಡುತ್ತಾರೆ. 'ಮುಂದಿನ ತಿಂಗಳು' ಎಂದರೆ ಮನೆಗೆ ಹೋಗುತ್ತಾರೆ. ಏಪ್ರಿಲ್‌ನಲ್ಲಿ ನಕ್ಷೆಯ ಮುದ್ರೆ ಮಸುಕಾಗಿದೆ ಎಂದ. ಮೇಯಲ್ಲಿ ಸದಸ್ಯರು ಜಾಗ ನೋಡಬೇಕು ಎಂದ, ಯಾರೂ ನೋಡಲಿಲ್ಲ. ಜೂನ್‌ನಲ್ಲಿ ಬರ್ಟ್ ಮೀನು ಹಿಡಿಯಲು ಹೋಗಿದ್ದ.

ಪ್ರತಿ ಸಲವೂ ಗುಮಾಸ್ತೆ ಲೋರ್ನಾ ಒಂದು ಕಾಗದ ಮುಂದಿಡುತ್ತಿದ್ದಳು. "ಮುಂದೂಡೋಕೆ ನಿಮ್ಮ ಒಪ್ಪಿಗೆ ಇದೆ ಅಂತ ಇಲ್ಲೊಂದು ಸಹಿ ಹಾಕಿ."

ಅಡೆಲಿನಾ ಲೇಸನ್ನು ಮಡಿಲಲ್ಲಿಟ್ಟು ಚೀಲ ತಡಕುತ್ತಿದ್ದಳು. "ಅಯ್ಯೋ, ಕನ್ನಡಕ ಮನೇಲೇ ಬಿಟ್ಟು ಬಂದೆ ಕಣಮ್ಮಾ. ಓದದೆ ಸಹಿ ಹಾಕಬೇಡ ಅಂತ ನಮ್ಮವರು ಹೇಳ್ತಿದ್ರು. ಮುಂದಿನ ಸಲ ಹಾಕ್ತೀನಿ."

"ಬಿಡು ಲೋರ್ನಾ, ಅದೊಂದು ಶಾಸ್ತ್ರ," ಎನ್ನುತ್ತಿದ್ದ ಹ್ಯಾಸ್ಕೆಲ್. "ನಿಮಗೇನೂ ಅವಸರ ಇಲ್ವಲ್ಲಮ್ಮಾ?"

"ನಮ್ಮಂಥೋರಿಗೆ ಎಂಥ ಅವಸರ, ಅಧ್ಯಕ್ಷರೇ. ನಿಮಗೆ ಅನುಕೂಲ ಆದಾಗ ಆಗ್ಲಿ."

ಹಾಗೆ ಅಂದವಳು ಮುಂದಿನ ತಿಂಗಳು ಮತ್ತೊಂದು ಬ್ರೆಡ್ಡು ತರುತ್ತಿದ್ದಳು. ಹ್ಯಾಸ್ಕೆಲ್‌ಗೆ ಅದೇ ಅರ್ಥವಾಗುತ್ತಿರಲಿಲ್ಲ. ಗಂಡನನ್ನು ನುಂಗಿದವರಿಗೆ ಯಾವ ಹೆಂಗಸು ಬ್ರೆಡ್ಡು ಮಾಡಿ ತರುತ್ತಾಳೆ?

ಇವತ್ತು ಜುಲೈ ಏಳು. ಅವನಿಗೆ ಆಟ ಸಾಕಾಗಿತ್ತು.

"ಮಾರ್ಚ್ ಇಪ್ಪತ್ತೆರಡರಂದು ಸಲ್ಲಿಸಿದ ಅರ್ಜಿ," ಎಂದು ಲೋರ್ನಾ ಓದಿದಳು. ಚರ್ಚೆ ನಡೆಯಲಿಲ್ಲ. ಐದು ಕೈ ಎದ್ದವು. ಐದಕ್ಕೆ ಐದು, ತಿರಸ್ಕಾರ.

"ನೋಡಮ್ಮಾ, ನಿಯಮ ಅಂದ್ರೆ ನಿಯಮ," ಎಂದು ಹ್ಯಾಸ್ಕೆಲ್ ಸುತ್ತಿಗೆ ಬಡಿದ. "ಎರಡು ವರ್ಷ ಬಿಟ್ಟು ಬನ್ನಿ. ಅಷ್ಟರಲ್ಲಿ ನಿಮ್ಮಕ್ಕನಿಗೂ ಬಚ್ಚಲಿನ ಚಿಂತೆ ಇರಲ್ಲ."

ಬರ್ಟ್ ಕಿಸಕ್ಕೆಂದ. ಗೆದ್ದ ಉಮೇದಿನಲ್ಲಿ ಹ್ಯಾಸ್ಕೆಲ್ ಕೈ ಚಾಚಿ ಒಂದು ದಪ್ಪ ತುಂಡು ಮುರಿದ. ಅವಳ ಕಣ್ಣೆದುರೇ ಬಾಯಿಗಿಟ್ಟ.

ಅಡೆಲಿನಾ ನೋಡುತ್ತಿದ್ದಳು. ಅವನು ನುಂಗುವವರೆಗೂ ನೋಡಿದಳು. ಆಮೇಲೆ ನಿಧಾನವಾಗಿ ಎದ್ದು ಮೇಜಿನ ಬಳಿ ಬಂದಳು.

"ಚೆನ್ನಾಗಿದೆಯಾ?"

ಹ್ಯಾಸ್ಕೆಲ್ ಉಳಿದ ತುಂಡನ್ನು ಬಾಯಿಂದ ದೂರ ಹಿಡಿದ. "ಏನು... ಏನು ಹಾಕಿದೀಯ ಇದ್ರಲ್ಲಿ?"

"ಹಿಟ್ಟು, ಮೊಟ್ಟೆ, ಸಕ್ಕರೆ. ಇಷ್ಟು ದಿನ ನಮಗೋಸ್ಕರ ಕೂತ್ರಲ್ಲ, ಬರಿಗೈಲಿ ಬರೋದು ಹೇಗೆ?"

ಅವಳು ಚೀಲದಿಂದ ಅಂಚು ಸವೆದ ಅದೇ ನೀಲಿ ಪುಸ್ತಕವನ್ನು ತೆಗೆದಳು. ಪೆನ್ಸಿಲ್ಲಿನಿಂದ ಗೆರೆ ಎಳೆದಿದ್ದ ಪುಟ ತೆರೆದು, ತಡವರಿಸದೆ ಓದಿದಳು: "ಅರ್ಜಿ ಸಲ್ಲಿಸಿದ ನೂರು ದಿನದೊಳಗೆ ಮಂಡಳಿ ತೀರ್ಮಾನ ಕೊಡದೆ ಹೋದರೆ, ಮತ್ತು ಮುಂದೂಡಲು ಅರ್ಜಿದಾರರು ಸಹಿ ಮಾಡಿ ಒಪ್ಪದೆ ಇದ್ದರೆ, ಅರ್ಜಿ ಮಂಜೂರಾದಂತೆಯೇ."

ಪುಸ್ತಕ ಮಡಿಸಲಿಲ್ಲ. "ಇವತ್ತು ನೂರಾ ಏಳನೇ ದಿನ, ಅಧ್ಯಕ್ಷರೇ."

ಲೋರ್ನಾ ಕಡತ ಬಿಚ್ಚಿದಳು. ಮೂರು ಒಪ್ಪಿಗೆ ಪತ್ರಗಳು. ಮೂರೂ ಖಾಲಿ.

"ಕನ್ನಡಕ..." ಎಂದ ಹ್ಯಾಸ್ಕೆಲ್, ಕೈಯಲ್ಲಿ ತುಂಡು ಹಿಡಿದುಕೊಂಡೇ. "ಕನ್ನಡಕ ಇಲ್ದೆ ಹೇಗೆ ಓದಿದೆ?"

"ನಾನು ಯಾವತ್ತು ಕನ್ನಡಕ ಹಾಕಿದ್ದೆ?"

ಅವಳು ತೆರೆದ ಪುಸ್ತಕವನ್ನು ಅವನೆದುರು ಇಟ್ಟು ಹೊರಟಳು. ಗೆರೆಯ ಪಕ್ಕ, ಪುಟದ ಅಂಚಿನಲ್ಲಿ, ಸತ್ತವನ ಸೊಟ್ಟ ಅಕ್ಷರಗಳಿದ್ದವು: 'ಅಡೆಲಿನಾ, ಅವನಿಗೆ ನಮ್ಮನ್ನ ಕಾಯಿಸೋ ಚಟ. ಕಾಯಿಸಲಿ ಬಿಡು.'